ಪುಸ್ತಕದಿಂದ ಹೊರಬಿದ್ದ ಸೈಕ್ಲೊಟ್ರಾನ್ ಮತ್ತು ನಮ್ಮೂರಿನಲ್ಲಿ ಬೆಳೆದ ರಾಜಾ ರಾಮಣ್ಣ



ಕಳೆದ ವರ್ಷ ಫಲಿತಾಂಶ ಬಂದ ವಾರ ದ್ವಿತೀಯ ಪಿಯುಸಿಯ ಒಬ್ಬ ವಿದ್ಯಾರ್ಥಿನಿ ಅಂಕಪಟ್ಟಿ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು. ಭೌತಶಾಸ್ತ್ರದಲ್ಲಿ ಅವಳಿಗೆ ಬಹಳ ಒಳ್ಳೆಯ ಅಂಕ ಬಂದಿತ್ತು. ಆದರೆ ಸಿಇಟಿಯ ಬಗ್ಗೆ ಅವಳು ಮಾತೇ ಎತ್ತಲಿಲ್ಲ. ಬಿಎಸ್ಸಿಗೆ ಸೇರಿ ಫಿಸಿಕ್ಸ್ ಓದಬೇಕೆಂದಿದ್ದೇನೆ, ಮುಂದೆ ಏನಾದರೂ ಆಗುತ್ತದೆಯೇ, ಮನೆಯಲ್ಲಿ ಕೇಳುತ್ತಿದ್ದಾರೆ ಎಂದಳು. ನಾನು ಬಿಎಡ್, ಲೆಕ್ಚರರ್ ಹುದ್ದೆ, ಬ್ಯಾಂಕ್ ಪರೀಕ್ಷೆ ಎಂದು ಎಲ್ಲರೂ ಹೇಳುವ ಪಟ್ಟಿಯನ್ನೇ ಹೇಳಿ ಕಳಿಸಿದೆ. ಅವಳು ತಲೆ ಆಡಿಸಿ ಹೋದಳು. ಸಂಜೆ ಬಸ್ಸಿನಲ್ಲಿ ಕೂತಾಗ ನನಗೇ ನಾಚಿಕೆಯಾಯಿತು. ಅವಳು ಕೇಳಿದ್ದು ಕೆಲಸದ ಪಟ್ಟಿಯನ್ನಲ್ಲ. ಈ ವಿಷಯಕ್ಕೆ ಒಂದು ಜೀವನವನ್ನು ಕೊಡಬಹುದೇ ಎಂದು ಕೇಳಿದ್ದಳು. ಅದಕ್ಕೆ ನಾನು ಅಂದು ಕೊಡದ ಉತ್ತರವನ್ನು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ದ್ವಿತೀಯ ಪಿಯುಸಿ ಭೌತಶಾಸ್ತ್ರ ಪುಸ್ತಕದಲ್ಲಿ ಚಲಿಸುವ ಆವೇಶಗಳು ಮತ್ತು ಕಾಂತತ್ವ ಎಂಬ ಅಧ್ಯಾಯವಿದೆ. ಅದರಲ್ಲಿ ಮೊದಲು ಸೈಕ್ಲೊಟ್ರಾನ್ ಎಂಬ ಯಂತ್ರದ ಪಾಠವಿತ್ತು. ಈಚೆಗೆ ಪಠ್ಯವನ್ನು ಹಗುರ ಮಾಡಿದಾಗ ಅದನ್ನು ಕೈಬಿಟ್ಟರು. ನಾನು ವರ್ಷಗಟ್ಟಲೆ ಇಷ್ಟಪಟ್ಟು ಕಲಿಸಿದ ಪಾಠ ಅದು. ಪರೀಕ್ಷೆಗೆ ಬರುವುದಿಲ್ಲವಾದ್ದರಿಂದ ತರಗತಿಯಲ್ಲಿ ಹೇಳಲು ಸಮಯ ಸಿಗುವುದಿಲ್ಲ. ಈ ಪತ್ರಿಕೆಗೆ ಪರೀಕ್ಷೆಯ ಹಂಗಿಲ್ಲ, ಇಲ್ಲಿ ಹೇಳಬಹುದು.

ಸೈಕ್ಲೊಟ್ರಾನ್ ಎಂದರೆ ಕಣಗಳಿಗೆ ವೇಗ ಕೊಡುವ ಯಂತ್ರ, ಅಂದರೆ ಒಂದು ವೇಗವರ್ಧಕ. ದೊಡ್ಡ ವಿದ್ಯುತ್ಕಾಂತದ ಎರಡು ಧ್ರುವಗಳ ನಡುವೆ ಗಾಳಿ ತೆಗೆದ ಪೆಟ್ಟಿಗೆ ಇರುತ್ತದೆ. ಅದರೊಳಗೆ ಇಂಗ್ಲಿಷಿನ ಡಿ ಅಕ್ಷರದ ಆಕಾರದ, ಒಳಗೆ ಟೊಳ್ಳಾದ ಎರಡು ಲೋಹದ ಭಾಗಗಳಿರುತ್ತವೆ. ಮಧ್ಯದಲ್ಲಿ ಬಿಟ್ಟ ಪ್ರೋಟಾನ್ ಕಾಂತಕ್ಷೇತ್ರದಿಂದಾಗಿ ಸುತ್ತುತ್ತದೆ. ಎರಡು ಡಿಗಳ ನಡುವಿನ ಸಂದಿಯನ್ನು ದಾಟುವಾಗಲೆಲ್ಲ ವಿದ್ಯುತ್ ಒತ್ತಡ ಅದನ್ನು ಮುಂದಕ್ಕೆ ತಳ್ಳುತ್ತದೆ. ವೇಗ ಹೆಚ್ಚಿದಷ್ಟೂ ಸುತ್ತು ದೊಡ್ಡದಾಗುತ್ತದೆ. ಆದರೆ ಒಂದು ಸುತ್ತಿಗೆ ಬೇಕಾಗುವ ಸಮಯ ಮಾತ್ರ ಬದಲಾಗುವುದಿಲ್ಲ. ಎರಡು ಪೈ ಎಂ ಭಾಗಿಸು ಕ್ಯೂ ಬಿ ಎಂಬ ಸೂತ್ರ ನಿಮಗೆ ಗೊತ್ತು, ಅದರಲ್ಲಿ ವೇಗವೂ ಇಲ್ಲ, ತ್ರಿಜ್ಯವೂ ಇಲ್ಲ. ಆದ್ದರಿಂದ ಒಂದೇ ಲಯದಲ್ಲಿ ತಳ್ಳುತ್ತಾ ಹೋದರೆ ಸಾಕು. ಮಕ್ಕಳನ್ನು ಜೋಕಾಲಿಯಲ್ಲಿ ಕೂರಿಸಿ ತೂಗುವಾಗ ಪ್ರತಿಸಲ ಜೋರಾಗಿ ನೂಕಬೇಕಿಲ್ಲ. ಸರಿಯಾದ ಹೊತ್ತಿಗೆ ಮೆಲ್ಲಗೆ ನೂಕುತ್ತಿದ್ದರೆ ಜೋಕಾಲಿ ಮುಗಿಲಿಗೇರುತ್ತದೆ. ಅಮೆರಿಕದ ಅರ್ನೆಸ್ಟ್ ಲಾರೆನ್ಸ್ 1930ರ ಆಸುಪಾಸಿನಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರದಲ್ಲಿ ಇದನ್ನು ಮಾಡಿ ತೋರಿಸಿದರು. 1939ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಇಷ್ಟು ಹೇಳಿದ ಮೇಲೆ ತರಗತಿಯಲ್ಲಿ ಯಾರಾದರೊಬ್ಬರು, ಇಂಥದ್ದನ್ನು ನಮ್ಮವರು ಯಾರಾದರೂ ಕಟ್ಟಿದ್ದಾರೆಯೇ ಎಂದು ಕೇಳುತ್ತಿದ್ದರು. ಕಟ್ಟಿದ್ದಾರೆ. ಹಾಗೆ ಕಟ್ಟಿಸಿದವರಲ್ಲಿ ಮುಖ್ಯರಾದ ಒಬ್ಬರು ಬಾಲ್ಯದಲ್ಲಿ ಇದೇ ಮೈಸೂರಿನಲ್ಲಿ ಓದಿದವರು. ಅವರೇ ರಾಜಾ ರಾಮಣ್ಣ.

ರಾಮಣ್ಣನವರು ಹುಟ್ಟಿದ್ದು 1925ರ ಜನವರಿ 28ರಂದು, ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ. ತಂದೆ ಮೈಸೂರು ಸಂಸ್ಥಾನದ ನ್ಯಾಯಾಂಗ ಇಲಾಖೆಯಲ್ಲಿದ್ದರು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರ ಜೊತೆಗೆ ಪಾಶ್ಚಾತ್ಯ ವಾದ್ಯಗಳ ಬ್ಯಾಂಡೂ ಇತ್ತು. ಬಾಲಕ ರಾಮಣ್ಣನಿಗೆ ಮೈಸೂರಿನ ಕಾನ್ವೆಂಟ್ ಶಾಲೆಯಲ್ಲಿ ಪಿಯಾನೊ ಪರಿಚಯವಾಯಿತು. ಚಿಕ್ಕ ವಯಸ್ಸಿನಲ್ಲಿ ಹಿಡಿದ ಆ ವಾದ್ಯವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಪ್ರಯೋಗಾಲಯಗಳನ್ನು ನಡೆಸುತ್ತಿದ್ದಾಗಲೂ, ದೆಹಲಿಯಲ್ಲಿ ಮಂತ್ರಿಯಾಗಿದ್ದಾಗಲೂ ಅವರು ಪಿಯಾನೊ ವಾದಕರಾಗಿಯೇ ಉಳಿದರು. ವೇದಿಕೆಯಲ್ಲಿ ಕಛೇರಿ ಕೊಟ್ಟರು. ರಾಗ ಸಂಗೀತ ಮತ್ತು ಪಾಶ್ಚಾತ್ಯ ಸಂಗೀತಗಳ ರಚನೆಯನ್ನು ಹೋಲಿಸಿ 1993ರಲ್ಲಿ ಒಂದು ಪುಸ್ತಕವನ್ನೂ ಹೊರತಂದರು.

ಮುಂದೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಆಮೇಲೆ ಮದರಾಸಿನ ತಾಂಬರಂನಲ್ಲಿರುವ ಕ್ರಿಶ್ಚಿಯನ್ ಕಾಲೇಜು. ಅಲ್ಲಿ ಭೌತಶಾಸ್ತ್ರದಲ್ಲಿ ಆನರ್ಸ್ ಪದವಿ ಮುಗಿಸಿ, ಟಾಟಾ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋದರು. ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಹಿರೋಶಿಮಾ ಮತ್ತು ನಾಗಸಾಕಿಯ ಮೇಲೆ ಬಾಂಬು ಬಿದ್ದು ಪರಮಾಣುವಿನ ಬೀಜಕೇಂದ್ರದೊಳಗೆ ಎಂಥ ಶಕ್ತಿ ಇದೆಯೆಂದು ಲೋಕಕ್ಕೆಲ್ಲ ಗೊತ್ತಾಗಿದ್ದ ಕಾಲ ಅದು. ಆ ಬೀಜಕೇಂದ್ರವನ್ನೇ ವಿಷಯವಾಗಿಟ್ಟುಕೊಂಡು ರಾಮಣ್ಣನವರು 1948ರಲ್ಲಿ ಪಿಎಚ್‌ಡಿ ಮುಗಿಸಿದರು. ಅದೇ ಊರಿನಲ್ಲಿ ಸಂಗೀತದ ಪರೀಕ್ಷೆಯನ್ನೂ ಕಟ್ಟಿದರು.

ಹೋಮಿ ಭಾಭಾ ಅವರ ಪರಿಚಯ ಇದಕ್ಕೂ ಮೊದಲೇ, 1944ರಲ್ಲಿ ಆಗಿತ್ತು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಪರೀಕ್ಷಕರೊಬ್ಬರು ಇಬ್ಬರನ್ನೂ ಭೇಟಿ ಮಾಡಿಸಿದರು. ಭಾಭಾ ಅವರಿಗೂ ಸಂಗೀತವೆಂದರೆ ಪ್ರಾಣ. ಹೀಗೆ ದೇಶದ ಪರಮಾಣು ವಿಜ್ಞಾನದ ಒಂದು ಮುಖ್ಯ ಸ್ನೇಹ ಪಿಯಾನೊ ನೆಪದಲ್ಲಿ ಶುರುವಾಯಿತು. ಓದಿನ ಆಚೆ ಏನನ್ನಾದರೂ ಕಲಿಯುವುದು ಸಮಯ ಹಾಳು ಎಂದು ಹೇಳುವ ಪೋಷಕರಿಗೆ ನಾನು ಈ ಸಂಗತಿಯನ್ನು ಹೇಳುವುದುಂಟು.

ಭಾಭಾ ಅವರು 1945ರ ಜೂನ್ 1ರಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದ್ದು ಬೆಂಗಳೂರಿನಲ್ಲೇ. ಅದೇ ವರ್ಷ ಸಂಸ್ಥೆ ಮುಂಬೈಗೆ ಹೋಯಿತು. 1949ರ ಡಿಸೆಂಬರಿನಲ್ಲಿ ರಾಮಣ್ಣನವರು ಅಲ್ಲಿ ಸೇರಿದರು. ನ್ಯೂಟ್ರಾನುಗಳು, ಯುರೇನಿಯಂ ಬೀಜಕೇಂದ್ರದ ಒಡೆಯುವಿಕೆ, ಅಂದರೆ ವಿದಳನ, ಇವು ಅವರ ಕ್ಷೇತ್ರ. ಟ್ರಾಂಬೆಯಲ್ಲಿ 1956ರ ಆಗಸ್ಟ್ 4ರಂದು ಅಪ್ಸರಾ ರಿಯಾಕ್ಟರ್ ಚಾಲನೆಗೆ ಬಂತು. ಅದನ್ನು ಸಜ್ಜುಗೊಳಿಸಿದ ತಂಡದಲ್ಲಿ ಮೂವತ್ತೊಂದು ವರ್ಷದ ರಾಮಣ್ಣನವರೂ ಇದ್ದರು. ಅಪ್ಸರೆಯಿಂದ ಹೊರಬರುವ ನ್ಯೂಟ್ರಾನುಗಳನ್ನು ಬಳಸಿ, ಬೀಜಕೇಂದ್ರ ಒಡೆದಾಗ ತುಂಡುಗಳು ಸಮನಾಗಿರದೆ ಒಂದು ದೊಡ್ಡದು ಒಂದು ಚಿಕ್ಕದು ಯಾಕಾಗುತ್ತವೆ ಎಂಬ ಪ್ರಶ್ನೆಯನ್ನು ಅವರೂ ಅವರ ಸಹೋದ್ಯೋಗಿಗಳೂ ಬೆನ್ನಟ್ಟಿದರು. 1963ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು.

ನನ್ನ ಲೆಕ್ಕದಲ್ಲಿ ಅವರ ದೊಡ್ಡ ಕೆಲಸಗಳಲ್ಲಿ ಒಂದು 1957ರಲ್ಲಿ ಟ್ರಾಂಬೆಯಲ್ಲಿ ಆರಂಭವಾದ ತರಬೇತಿ ಶಾಲೆ. ಪರಮಾಣು ಕೇಂದ್ರಕ್ಕೆ ಬೇಕಾದ ವಿಜ್ಞಾನಿಗಳನ್ನು ವಿದೇಶದಿಂದ ತರಿಸುವ ಬದಲು, ದೇಶದ ಎಲ್ಲ ಮೂಲೆಗಳ ಕಾಲೇಜುಗಳಿಂದ ಪದವೀಧರರನ್ನು ಆರಿಸಿ, ಒಂದು ವರ್ಷ ಸ್ಟೈಪೆಂಡ್ ಕೊಟ್ಟು ಓದಿಸಿ, ಕೆಲಸಕ್ಕೆ ತೆಗೆದುಕೊಳ್ಳುವ ಏರ್ಪಾಡು ಅದು. ಆ ಶಾಲೆ ಇಂದಿಗೂ ನಡೆಯುತ್ತಿದೆ. ಅದರ ಆಯ್ಕೆ ಪರೀಕ್ಷೆಗೆ ಇಂಥ ಊರು, ಇಂಥ ಮನೆ ಎಂಬ ಷರತ್ತಿಲ್ಲ. ಕಳೆದ ವರ್ಷ ಆ ವಿದ್ಯಾರ್ಥಿನಿಗೆ ನಾನು ಹೇಳಲು ಮರೆತ ಮೊದಲ ಸಂಗತಿ ಇದು.

ಇನ್ನು ಯಂತ್ರಗಳ ವಿಷಯ. ರಿಯಾಕ್ಟರಿನಿಂದ ನ್ಯೂಟ್ರಾನು ಸಿಗುತ್ತದೆ. ಆದರೆ ಬೇಕಾದ ಕಣವನ್ನು, ಬೇಕಾದಷ್ಟೇ ಶಕ್ತಿಯಿಂದ, ಬೇಕಾದ ಗುರಿಗೆ ಹೊಡೆಯಬೇಕಾದರೆ ವೇಗವರ್ಧಕ ಬೇಕು. ಕಲ್ಕತ್ತೆಯಲ್ಲಿ ಮೇಘನಾದ ಸಾಹಾ ಅವರು ಬಹಳ ಮೊದಲೇ ಒಂದು ಚಿಕ್ಕ ಸೈಕ್ಲೊಟ್ರಾನಿಗೆ ಕೈಹಾಕಿದ್ದರು. ಟ್ರಾಂಬೆಯಲ್ಲಿ 1960ರ ದಶಕದ ಆರಂಭದಲ್ಲಿ 55 ಲಕ್ಷ ವೋಲ್ಟಿನ ವಾನ್ ಡಿ ಗ್ರಾಫ್ ಯಂತ್ರ ಬಂತು. ನೀವು ಪುಸ್ತಕದಲ್ಲಿ ಓದುತ್ತಿದ್ದ, ರಬ್ಬರ್ ಬೆಲ್ಟಿನ ಮೇಲೆ ಆವೇಶ ಸಾಗಿಸುವ ಯಂತ್ರ ಅದೇ. ಇದಕ್ಕಿಂತ ದೊಡ್ಡದನ್ನು ನಾವೇ ಕಟ್ಟಬೇಕೆಂದು ಹಟ ಹಿಡಿದವರಲ್ಲಿ ರಾಮಣ್ಣನವರು ಮುಂದಿದ್ದರು. ಕಲ್ಕತ್ತೆಯಲ್ಲಿ ಶಕ್ತಿಯನ್ನು ಬದಲಿಸಬಹುದಾದ ಸೈಕ್ಲೊಟ್ರಾನ್ ಕಟ್ಟುವ ಯೋಜನೆ ಹೀಗೆ ರೂಪುಗೊಂಡಿತು.

ಇಲ್ಲಿ ಸ್ವಲ್ಪ ನಿಲ್ಲಿ. ಪ್ರೋಟಾನಿನ ವೇಗ ತುಂಬ ಹೆಚ್ಚಾದಾಗ ಐನ್‌ಸ್ಟೈನ್ ಹೇಳಿದಂತೆ ಅದರ ದ್ರವ್ಯರಾಶಿ ಹೆಚ್ಚಿದಂತಾಗುತ್ತದೆ. ಸೂತ್ರದಲ್ಲಿ ಎಂ ಮೇಲೆ ಇದೆ, ಹಾಗಾಗಿ ಸುತ್ತಿಗೆ ಬೇಕಾದ ಸಮಯವೂ ಹೆಚ್ಚುತ್ತದೆ. ಕಣ ತಡವಾಗುತ್ತದೆ, ಲಯ ತಪ್ಪುತ್ತದೆ, ಜೋಕಾಲಿ ತಿರುಗಿ ಬರುವ ಮೊದಲೇ ನೂಕಿದಂತಾಗುತ್ತದೆ. ಇದಕ್ಕೆ ಪರಿಹಾರವೆಂದರೆ ಹೊರಸುತ್ತಿಗೆ ಹೋದಂತೆ ಕಾಂತಕ್ಷೇತ್ರವನ್ನೂ ಹೆಚ್ಚಿಸುವುದು, ಕಣಗಳು ಚದುರದಂತೆ ಧ್ರುವದ ಮೇಲ್ಮೈಯನ್ನು ದಿಬ್ಬ ತಗ್ಗುಗಳಾಗಿ ಕೊರೆಯುವುದು. ಕಲ್ಕತ್ತೆಯ ಯಂತ್ರ ಇಂಥದ್ದು. ಅದರ ಧ್ರುವದ ವ್ಯಾಸ 224 ಸೆಂಟಿಮೀಟರ್. ಕಾಂತದ ತೂಕ ಇನ್ನೂರೈವತ್ತು ಟನ್ನಿಗೂ ಹೆಚ್ಚು. ಅಷ್ಟು ದೊಡ್ಡ ಉಕ್ಕಿನ ಗಡ್ಡೆಯನ್ನು ಕೂದಲೆಳೆಯ ಲೆಕ್ಕದಲ್ಲಿ ಕೊರೆಯುವುದು, ದೊಡ್ಡ ಪೆಟ್ಟಿಗೆಯಿಂದ ಗಾಳಿಯನ್ನೆಲ್ಲ ತೆಗೆಯುವುದು, ಇವನ್ನೆಲ್ಲ ನಮ್ಮ ಕಾರ್ಖಾನೆಗಳೂ ಎಂಜಿನಿಯರುಗಳೂ ಮಾಡುತ್ತಲೇ ಕಲಿತರು. ಹಾಗಾಗಿ ವರ್ಷಗಳು ಉರುಳಿದವು. ಕೊನೆಗೆ 1977ರ ಜೂನ್ 16ರಂದು ಯಂತ್ರದೊಳಗೆ ಮೊದಲ ಕಣಪುಂಜ ಸುತ್ತಿತು. ಆಗ ರಾಮಣ್ಣನವರು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದರು.

ಆ ಹುದ್ದೆಗೆ ಅವರು ಬಂದದ್ದು 1972ರಲ್ಲಿ. ಅಲ್ಲಿಂದ ಎರಡು ವರ್ಷಕ್ಕೆ ನಡೆದ ಒಂದು ಘಟನೆಯನ್ನು ಬಿಟ್ಟು ಅವರ ಬದುಕನ್ನು ಹೇಳಲಾಗದು. 1974ರ ಮೇ 18ರಂದು ರಾಜಸ್ಥಾನದ ಪೋಖ್ರಾನ್ ಮರುಭೂಮಿಯಲ್ಲಿ, ನೆಲದಿಂದ 107 ಮೀಟರ್ ಆಳದಲ್ಲಿ ಭಾರತ ತನ್ನ ಮೊದಲ ಪರಮಾಣು ಸ್ಫೋಟ ನಡೆಸಿತು. ಆ ತಂಡದ ಮುಂದಾಳು ರಾಮಣ್ಣನವರು. ಸರ್ಕಾರ ಅದನ್ನು ಶಾಂತಿಯುತ ಸ್ಫೋಟವೆಂದು ಕರೆಯಿತು. ಹೊರಜಗತ್ತು ಹಾಗೆ ನೋಡಲಿಲ್ಲ. ಕೆನಡಾ ಪರಮಾಣು ಸಹಕಾರವನ್ನು ನಿಲ್ಲಿಸಿತು. ಬೇರೆ ದೇಶಗಳು ಸೇರಿ ಪರಮಾಣು ಸಾಮಗ್ರಿಯ ಮಾರಾಟಕ್ಕೆ ಕಟ್ಟುಪಾಡು ಹಾಕಿಕೊಂಡವು.

ತರಗತಿಯಲ್ಲಿ ಈ ಮಾತು ಬಂದಾಗ ಕೆಲವರು ಚಪ್ಪಾಳೆ ತಟ್ಟುತ್ತಾರೆ, ಕೆಲವರು ಸುಮ್ಮನಾಗುತ್ತಾರೆ. ನಾನು ಸುಮ್ಮನಾಗುವವರ ಕಡೆಗೆ. ಪಿಯಾನೊ ನುಡಿಸಿದ ಕೈಯೇ ಈ ಕೆಲಸವನ್ನೂ ಮಾಡಿತಲ್ಲ ಎಂದು ನನಗೆ ಕಸಿವಿಸಿಯಾಗುತ್ತದೆ. ದೇಶದ ರಕ್ಷಣೆಗೆ ಅದು ಬೇಕಿತ್ತು ಎನ್ನುವವರ ವಾದವೂ ನನಗೆ ಗೊತ್ತು, ಅದನ್ನು ತಳ್ಳಿಹಾಕುವಷ್ಟು ತಿಳಿವಳಿಕೆ ನನಗಿಲ್ಲ. ಆದರೆ ಬೀಜಕೇಂದ್ರ ಒಡೆಯುವ ನಿಯಮ ಒಂದೇ. ಅದರಿಂದಲೇ ಕೈಗಾದಲ್ಲಿ ವಿದ್ಯುತ್ ಬರುತ್ತದೆ, ಆಸ್ಪತ್ರೆಗೆ ಐಸೊಟೋಪು ಬರುತ್ತದೆ, ಊರನ್ನು ಸುಡುವ ಬಾಂಬೂ ಬರುತ್ತದೆ. ಯಾವುದು ಬರಬೇಕೆಂಬುದು ಸೂತ್ರದಲ್ಲಿಲ್ಲ. ಇಲ್ಮ್ ಅಮಾನತ್ತು ಎಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುವುದುಂಟು, ಅಂದರೆ ತಿಳಿವಳಿಕೆ ನಮ್ಮ ಕೈಗೆ ಒಪ್ಪಿಸಿದ ಒತ್ತೆ. ವಿಜ್ಞಾನ ಓದುವವರು ಆ ಭಾರವನ್ನೂ ಜೊತೆಗೇ ಹೊರಬೇಕು.

1978ರಿಂದ 1981ರವರೆಗೆ ರಾಮಣ್ಣನವರು ರಕ್ಷಣಾ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರಾಗಿದ್ದರು. ಮತ್ತೆ ಟ್ರಾಂಬೆಗೆ ಬಂದು, 1983ರಿಂದ 1987ರವರೆಗೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದರು. ಅವರ ಆ ಅವಧಿಯಲ್ಲೇ, 1984ರ ಫೆಬ್ರವರಿಯಲ್ಲಿ, ಮಧ್ಯಪ್ರದೇಶದ ಇಂದೋರಿನಲ್ಲಿ ವೇಗವರ್ಧಕಗಳಿಗೂ ಲೇಸರುಗಳಿಗೂ ಮೀಸಲಾದ ಹೊಸ ಕೇಂದ್ರಕ್ಕೆ ಅಡಿಗಲ್ಲು ಬಿತ್ತು. ಇಂದು ಅಲ್ಲಿ ಇಂಡಸ್-1 ಮತ್ತು ಇಂಡಸ್-2 ಎಂಬ ಎಲೆಕ್ಟ್ರಾನ್ ವರ್ತುಲಗಳಿವೆ. ಬಾಗುವ ಎಲೆಕ್ಟ್ರಾನುಗಳಿಂದ ಹೊಮ್ಮುವ ಬೆಳಕನ್ನು ಹಿಡಿದು ದೇಶದ ನಾನಾ ಕಡೆಯ ವಿದ್ಯಾರ್ಥಿಗಳು ಪ್ರಯೋಗ ಮಾಡುತ್ತಾರೆ.

ಈಗ ಕಥೆ ನಮ್ಮ ವಿಶ್ವವಿದ್ಯಾನಿಲಯಕ್ಕೆ ಬರುತ್ತದೆ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಆರಂಭವಾದರೂ ವಿಜ್ಞಾನದ ಉನ್ನತ ತರಗತಿಗಳು ಬಹುಕಾಲ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದವು. 1960ರಲ್ಲಿ ಮಾನಸಗಂಗೋತ್ರಿ ಆರಂಭವಾಯಿತು. ಅಲ್ಲಿನ ಭೌತಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರಾಗಿ 1961ರಲ್ಲಿ ಬಂದವರು ಸರ್ ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಚಂದ್ರಶೇಖರ್. ಅವರು ಇಲ್ಲಿಯೇ ದ್ರವ ಸ್ಫಟಿಕಗಳ ಸಂಶೋಧನೆ ಶುರುಮಾಡಿ ಮುಂದೆ ಲೋಕಪ್ರಸಿದ್ಧರಾದರು. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಮಂಗಳೂರಿನ ಹತ್ತಿರ ಕೊಣಾಜೆಯ ಗುಡ್ಡದ ಮೇಲೆ ಒಂದು ಸ್ನಾತಕೋತ್ತರ ಕೇಂದ್ರ ತೆರೆಯಿತು. ಅದು 1980ರಲ್ಲಿ ಬೇರೆಯಾಗಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. 1990ರ ದಶಕದಲ್ಲಿ, ಇಂದೋರಿನ ಕೇಂದ್ರದ ಸಹಕಾರದಿಂದ, ಆ ಗುಡ್ಡದ ಮೇಲೆ ಮೈಕ್ರೊಟ್ರಾನ್ ಎಂಬ ವೇಗವರ್ಧಕ ಬಂತು. ರಾಮಣ್ಣನವರ ಕಾಲದಲ್ಲಿ ಇಂದೋರಿನಲ್ಲಿ ನೆಟ್ಟ ಗಿಡದ ಒಂದು ಕೊಂಬೆ ಹೀಗೆ ಕರ್ನಾಟಕಕ್ಕೆ ಚಾಚಿತು.

ನಾನು ಎಂಎಸ್ಸಿ ಓದಿದ್ದು ಅಲ್ಲಿ. ಅಲ್ಲಿಗೆ ನಾನು ತಲುಪಿದ್ದು ಒಂದು ವರ್ಷ ತಡವಾಗಿ. ಯಾಕೆಂದರೆ ದ್ವಿತೀಯ ಪಿಯುಸಿಯಲ್ಲಿ ನಾನು ಫೇಲಾಗಿದ್ದೆ, ಅದೂ ಭೌತಶಾಸ್ತ್ರದಲ್ಲಿ. ಇದನ್ನು ನಾನು ಈವರೆಗೆ ಯಾವ ತರಗತಿಯಲ್ಲೂ ಹೇಳಿಲ್ಲ. ಆ ವರ್ಷ ಉದಯಗಿರಿಯ ಒಂದು ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾ ಕೂತಿದ್ದಾಗ, ಜೊತೆಯವರೆಲ್ಲ ಕಾಲೇಜಿಗೆ ಹೋಗುವುದನ್ನು ನೋಡುತ್ತಿದ್ದೆ. ನನ್ನ ಲಯ ತಪ್ಪಿತು, ಇನ್ನು ಮುಗಿಯಿತು ಎಂದುಕೊಂಡಿದ್ದೆ.

ಕೊಣಾಜೆಯಲ್ಲಿ ಮೈಕ್ರೊಟ್ರಾನ್ ಹೇಗೆ ಕೆಲಸ ಮಾಡುತ್ತದೆಂದು ನಮ್ಮ ಮೇಷ್ಟ್ರು ವಿವರಿಸಿದ ದಿನ ನನಗೆ ನೆನಪಿದೆ. ಎಲೆಕ್ಟ್ರಾನ್ ಬಹಳ ಹಗುರ. ಸ್ವಲ್ಪ ತಳ್ಳಿದರೂ ಬೆಳಕಿನ ವೇಗದ ಹತ್ತಿರ ಹೋಗುತ್ತದೆ, ಕೂಡಲೇ ಸುತ್ತಿನ ಸಮಯ ಬೆಳೆಯತೊಡಗುತ್ತದೆ. ಆದ್ದರಿಂದ ಸೈಕ್ಲೊಟ್ರಾನಿನಲ್ಲಿ ಅದು ನಿಲ್ಲುವುದೇ ಇಲ್ಲ. ಮೈಕ್ರೊಟ್ರಾನಿನಲ್ಲಿ ಆ ತಡವನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಕಾಂತಕ್ಷೇತ್ರದ ಅಂಚಿನಲ್ಲಿ ಮೈಕ್ರೊವೇವ್ ತುಂಬಿದ ಒಂದು ಚಿಕ್ಕ ಕೋಣೆ ಇರುತ್ತದೆ. ಎಲೆಕ್ಟ್ರಾನ್ ಪ್ರತಿ ಸುತ್ತಿನಲ್ಲೂ ಆ ಕೋಣೆಯ ಮೂಲಕವೇ ಹಾದು ಶಕ್ತಿ ಪಡೆಯುತ್ತದೆ. ಪ್ರತಿ ಸುತ್ತೂ ಹಿಂದಿನದಕ್ಕಿಂತ ತಡ. ಆದರೆ ಆ ತಡ ಸರಿಯಾಗಿ ಒಂದು ಪೂರ್ಣ ಅಲೆಯಷ್ಟೇ ಆಗುವಂತೆ ಶಕ್ತಿಯನ್ನೂ ಕ್ಷೇತ್ರವನ್ನೂ ಹೊಂದಿಸಿರುತ್ತಾರೆ. ಹಾಗಾಗಿ ಎಲೆಕ್ಟ್ರಾನ್ ತಾನು ತಪ್ಪಿಸಿಕೊಂಡ ಅಲೆಯ ಬದಲು ಅದರ ಮುಂದಿನ ಅಲೆಯನ್ನು ಹಿಡಿಯುತ್ತದೆ, ಅದೇ ತಳ್ಳು ಅದಕ್ಕೆ ಸಿಗುತ್ತದೆ. ಕೊಣಾಜೆಯ ಯಂತ್ರದಲ್ಲಿ ಅದು ಹೀಗೆ ಸುತ್ತಿ ಸುತ್ತಿ 80 ಲಕ್ಷ ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿ ಪಡೆಯುತ್ತದೆ. ಆ ಎಲೆಕ್ಟ್ರಾನುಗಳನ್ನು ಪ್ಲಾಸ್ಟಿಕ್, ಸೆಮಿಕಂಡಕ್ಟರುಗಳ ಮೇಲೆ ಹಾಯಿಸಿ ಅವುಗಳ ಗುಣ ಹೇಗೆ ಬದಲಾಗುತ್ತದೆಂದು ಅಲ್ಲಿ ನೋಡುತ್ತಾರೆ. ಅಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದುಕೊಳ್ಳುತ್ತಾ, ತಡವಾಗಿ ಬಂದದ್ದಕ್ಕೂ ಸರಿಯಾದ ಅಲೆ ಸಿಗಬಹುದು ಎಂದು ನನಗೆ ಹೊಳೆಯಿತು. ಆಮೇಲೆ ಆ ಕಳೆದುಹೋದ ವರ್ಷದ ಬಗ್ಗೆ ಮರುಗಲಿಲ್ಲ.

ರಾಮಣ್ಣನವರು ನಿವೃತ್ತಿಯ ನಂತರ ಬೆಂಗಳೂರಿಗೆ ಬಂದು ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಸ್ಥಾಪಕ ನಿರ್ದೇಶಕರಾದರು. ವಿಜ್ಞಾನಿಗಳು, ಅಧಿಕಾರಿಗಳು, ಕಲಾವಿದರು ಒಂದೇ ಕಡೆ ಕೂತು ಮಾತಾಡಬೇಕೆಂಬುದು ಆ ಸಂಸ್ಥೆಯ ಉದ್ದೇಶ. 1990ರಲ್ಲಿ ಕೆಲವು ತಿಂಗಳು ಕೇಂದ್ರದ ರಕ್ಷಣಾ ರಾಜ್ಯಮಂತ್ರಿಯಾಗಿದ್ದರು. 1997ರಿಂದ 2003ರವರೆಗೆ ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದರು. 1975ರಲ್ಲೇ ಪದ್ಮವಿಭೂಷಣ ಬಂದಿತ್ತು. 1991ರಲ್ಲಿ ಆತ್ಮಕಥೆ ಪ್ರಕಟಿಸಿದರು.

2004ರ ಸೆಪ್ಟೆಂಬರ್ 24, ಶುಕ್ರವಾರ, ಮುಂಬೈಯಲ್ಲಿ ಅವರು ತೀರಿಕೊಂಡರು. ಅವರಿಗೆ ಎಪ್ಪತ್ತೊಂಬತ್ತು ವರ್ಷ. ಮರುದಿನ ಹಾಸ್ಟೆಲಿನ ಪತ್ರಿಕೆಯಲ್ಲಿ ಅವರ ಫೋಟೋ ನೋಡಿದಾಗ ಅವರು ನಮ್ಮ ಮೈಸೂರಿನಲ್ಲಿ ಓದಿದವರೆಂದು ನನಗೆ ಮೊದಲ ಸಲ ತಿಳಿಯಿತು. ಇಪ್ಪತ್ತೆರಡು ವರ್ಷ ಇದೇ ಊರಿನಲ್ಲಿ ಬೆಳೆದು, ಅದರಲ್ಲೂ ಫಿಸಿಕ್ಸ್ ಓದಿ, ಇದು ಗೊತ್ತಿರಲಿಲ್ಲವಲ್ಲ ಎನಿಸಿತು. ಮುಂದಿನ ವರ್ಷದ ಡಿಸೆಂಬರಿನಲ್ಲಿ ಇಂದೋರಿನ ಕೇಂದ್ರಕ್ಕೆ ಅವರ ಹೆಸರಿಟ್ಟರು.

ನಿಮ್ಮಲ್ಲಿ ಬಹುಪಾಲು ಜನ ಹುಟ್ಟುವ ಮೊದಲೇ ಅವರು ಕಾಲವಾದರು. ಅವರ ಬಗ್ಗೆ ಪರೀಕ್ಷೆಯಲ್ಲಿ ಪ್ರಶ್ನೆ ಬರುವುದಿಲ್ಲ. ಆದರೂ ಇದನ್ನು ಓದಿದ ಮೇಲೆ ಒಂದು ಮಾತು ನೆನಪಿಡಿ. ಕಲ್ಕತ್ತೆಯ ಯಂತ್ರ ಒಬ್ಬರಿಂದ ಆದದ್ದಲ್ಲ. ಉಕ್ಕು ಕೊರೆದವರು, ತಂತಿ ಸುತ್ತಿದವರು, ಗಾಳಿ ಸೋರುವ ಜಾಗ ಹುಡುಕಿ ರಾತ್ರಿಯೆಲ್ಲ ಕೂತವರು ನೂರಾರು ಜನ. ಅವರಲ್ಲಿ ಬಹಳಷ್ಟು ಮಂದಿ ಚಿಕ್ಕ ಊರಿನ ಕಾಲೇಜುಗಳಿಂದ ಬಿಎಸ್ಸಿ, ಡಿಪ್ಲೊಮಾ ಓದಿ ಹೋದವರು. ಭೌತಶಾಸ್ತ್ರಕ್ಕೆ ಒಂದು ಜೀವನವನ್ನು ಕೊಡಬಹುದು. ಹೆಸರು ಬಾರದಿದ್ದರೂ ಆ ಜೀವನ ವ್ಯರ್ಥವಲ್ಲ.

ಆ ವಿದ್ಯಾರ್ಥಿನಿ ಈಗ ಬಿಎಸ್ಸಿಗೆ ಸೇರಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಫೋನ್ ನಂಬರ್ ಬರೆದುಕೊಳ್ಳಲಿಲ್ಲ. ಅವಳ ತಂಗಿ ನಮ್ಮಲ್ಲಿ ಪ್ರಥಮ ಪಿಯುಸಿಯಲ್ಲಿ ಇದ್ದಾಳೆಂದು ಮೊನ್ನೆ ಗೊತ್ತಾಯಿತು. ಈ ಸಂಚಿಕೆಯ ಒಂದು ಪ್ರತಿಯನ್ನು ಅವಳ ಕೈಯಲ್ಲಿ ಮನೆಗೆ ಕಳಿಸುತ್ತೇನೆ. ಉಳಿದವರಿಗೆ, ಬಿಟ್ಟುಹೋದ ಆ ಪಾಠ ಬೇಕೆನಿಸಿದರೆ ಶನಿವಾರ ತರಗತಿ ಮುಗಿದ ಮೇಲೆ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಬನ್ನಿ. ಹಳೆಯ ಪುಸ್ತಕದ ಆ ಪುಟಗಳು ನನ್ನ ಬಳಿ ಇವೆ. ತಡವಾಗಿ ಬಂದರೂ ಪರವಾಗಿಲ್ಲ.